ಘಟ್ಟ ಹತ್ತುವ ಮಕ್ಕಳು

ಮೇ ತಿಂಗಳು ಬಂತೆಂದರೆ ನಮ್ಮ ಊರುಗಳಿಂದ ಬೆಂಗಳೂರಿನ ಕಡೆ ಮನೆ ಸಾಮಾನು ಹೊತ್ತ ಟೆಂಪೊಗಳು ಹೊರಡುತ್ತವೆ. ಗ್ಯಾಸ್ ಒಲೆ, ಮಿಕ್ಸಿ, ಹಾಸಿಗೆ, ಎಲ್ಲದರ ಮೇಲೆ ಹಗ್ಗ ಬಿಗಿದ ಒಂದು ಪುಟ್ಟ ಸೈಕಲ್. ಹಿಂದೆ ಹೀಗಿರಲಿಲ್ಲ. ಗಲ್ಫ್‌ಗಾಗಲಿ ಬೆಂಗಳೂರಿಗಾಗಲಿ ಹೋಗುತ್ತಿದ್ದವನು ಗಂಡಸು ಒಬ್ಬನೇ. ಹೆಂಡತಿ ಮಕ್ಕಳು ಊರಲ್ಲೇ ಹಿರಿಯರ ಜೊತೆ ಇರುತ್ತಿದ್ದರು. ಉಪ್ಪ ಅಂದರೆ ರಜೆಯಲ್ಲಿ ಚಾಕಲೇಟು ತರುವವರು ಎಂದು ತಿಳಿದೇ ಒಂದು ತಲೆಮಾರು ಬೆಳೆಯಿತು. ಈಗಿನ ದಂಪತಿಗಳು ಅದಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು. "ಒಂದು ವರ್ಷ ಮಕ್ಕಳು ಇಲ್ಲೇ ಇರಲಿ, ನೀವು ಮೊದಲು ಹೋಗಿ ನೋಡಿ" ಎನ್ನುವ ಹಿರಿಯರ ಮಾತಿನಲ್ಲಿ ಪ್ರೀತಿ ಉಂಟು. ಆದರೂ ಮಕ್ಕಳು ತಂದೆ ತಾಯಿಯ ಜೊತೆಗೇ ಹೋಗಲಿ ಎಂಬುದೇ ನಮ್ಮ ಅಭಿಪ್ರಾಯ.

ಹೋಗುವುದು ಹೇಗೆ ಎಂಬುದರಲ್ಲಿ ಮಾತ್ರ ನಮಗೆ ತಕರಾರು ಉಂಟು. ಹೆಚ್ಚಿನ ಮನೆಗಳಲ್ಲಿ ತಂದೆ ಮೊದಲು ಹೋಗಿ, ಆಫೀಸಿನಿಂದ ಎಷ್ಟು ದೂರ ಎಂದು ನೋಡಿ, ಮನೆಗೆ ಅಡ್ವಾನ್ಸ್ ಕೊಟ್ಟು ಬರುತ್ತಾನೆ. ಶಾಲೆಯ ವಿಚಾರ ಆಮೇಲೆ. ಬೆಂಗಳೂರಿನಲ್ಲಿ ಹೀಗೆ ಮಾಡಿದರೆ ಅದರ ಬೆಲೆ ತೆರುವುದು ಆರು ವರ್ಷದ ಮಗು. ಬೆಳಿಗ್ಗೆ ಏಳಕ್ಕೆ ಶಾಲಾ ವ್ಯಾನ್ ಹತ್ತಿ, ಟ್ರಾಫಿಕ್‌ನಲ್ಲಿ ನಿದ್ದೆ ಮಾಡಿ, ಸಂಜೆ ಮತ್ತೆ ಅದೇ ದಾರಿಯಲ್ಲಿ ನಿದ್ದೆ ಮಾಡುತ್ತಾ ಬರುವ ಮಕ್ಕಳನ್ನು ನಾವು ಕಂಡಿದ್ದೇವೆ. ದೊಡ್ಡವರು ಒಂದು ಗಂಟೆ ಪ್ರಯಾಣ ತಡೆದುಕೊಳ್ಳಬಹುದು. ಶಾಲೆ ನಡೆದು ಹೋಗುವಷ್ಟು ಹತ್ತಿರ ಇರಬೇಕು.

ಮನೆ ಹುಡುಕಾಟದಲ್ಲಿ ನಮ್ಮವರಿಗೆ ಇನ್ನೊಂದು ಕಷ್ಟ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಫೋನಿನಲ್ಲಿ ಬಾಡಿಗೆ, ಅಡ್ವಾನ್ಸ್, ನೀರು ಎಲ್ಲ ಮಾತಾಗಿ, ಕೊನೆಗೆ ಹೆಸರು ಹೇಳಿದ ಕೂಡಲೇ "ಈಗಷ್ಟೇ ಬೇರೆಯವರು ಟೋಕನ್ ಕೊಟ್ಟರು" ಎಂಬ ಉತ್ತರ. ಎರಡು ಸಲ ಹೀಗಾದರೆ ಯಾರಾದರೂ ಫ್ರೇಜರ್ ಟೌನ್, ತಿಲಕ್‌ನಗರ, ಗುರಪ್ಪನಪಾಳ್ಯ, ಥಣಿಸಂದ್ರ ಎಂದು ನಮ್ಮವರಿರುವ ಕಡೆಗೇ ನೋಡುತ್ತಾರೆ. ಅದು ತಪ್ಪಲ್ಲ. ಸಣ್ಣ ಮಕ್ಕಳಿರುವಾಗ ಪಕ್ಕದಲ್ಲಿ ಪರಿಚಯದ ಒಂದು ಬಾಗಿಲು ಇರುವುದು ದೊಡ್ಡ ವಿಷಯ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ತೆರೆದ ಮೇಲೆ ಗುರಪ್ಪನಪಾಳ್ಯದ ಕಡೆ ಮನೆ ಮಾಡಿ, ಜಯದೇವ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವುದು ಸಾಧ್ಯವಾಗಿದೆ. ಅಪ್ಪನ ಆಫೀಸು ದೂರವಾದರೂ ಮಗುವಿನ ಶಾಲೆ ಹತ್ತಿರ ಇರಲಿ ಎಂದು ನಾವು ಹೇಳುವುದು ಇಂಥ ಅನುಕೂಲಗಳನ್ನು ನೋಡಿಯೇ.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಊರಿನ ಶಾಲೆಯಿಂದ ಟಿ.ಸಿ. ಜೊತೆಗೆ ಮಗುವಿನ ಸ್ಯಾಟ್ಸ್ ನಂಬರ್ ಬರೆಸಿಕೊಳ್ಳಿ. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಉಂಟು. ತಾಯಿ ಕಾರ್ಡನ್ನು ಟೆಂಪೊದಲ್ಲಿ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಐದು ವರ್ಷದ ಡಿಪಿಟಿ ಬೂಸ್ಟರ್ ಊರು ಬದಲಾಯಿಸುವ ಗಡಿಬಿಡಿಯಲ್ಲೇ ತಪ್ಪಿಹೋಗುವುದು. ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಅದನ್ನು ಉಚಿತವಾಗಿ ಹಾಕುತ್ತಾರೆ. ಇನ್ನೊಂದು: ಸಮುದ್ರದ ಬದಿಯಲ್ಲಿ ಬೆವರುತ್ತಾ ಬೆಳೆದ ಮಕ್ಕಳು 900 ಮೀಟರ್ ಎತ್ತರದ ಊರಿಗೆ ಹೋಗುತ್ತಾರೆ. ಡಿಸೆಂಬರ್ ಬರುವ ಮೊದಲೇ ಸ್ವೆಟರ್ ತೆಗೆದಿಡಿ, ದಮ್ಮು ಕಟ್ಟುವ ಮಗುವಾದರೆ ಹತ್ತಿರದ ಡಾಕ್ಟರ್ ಯಾರೆಂದು ಮೊದಲ ವಾರವೇ ತಿಳಿದುಕೊಳ್ಳಿ.

ಇವೆಲ್ಲ ಹೇಗೋ ಆಗುತ್ತದೆ. ಆಗದೇ ಉಳಿಯುವುದು ಮನೆಯೊಳಗಿನ ಸಂಗತಿ. ಊರಲ್ಲಿ ಆ ಮಗುವಿಗೆ ಹತ್ತು ಮಡಿಲುಗಳಿದ್ದವು. ಅಜ್ಜಿ ಪತ್ತಿರ್ ತಟ್ಟುವಾಗ ಪಕ್ಕದಲ್ಲಿ ಕೂರಬಹುದಿತ್ತು, ಅಂಗಳಕ್ಕೆ ಇಳಿದರೆ ಬಾವಿಕಟ್ಟೆ, ಆಚೆ ಮನೆಯ ಮಕ್ಕಳು. ಇಲ್ಲಿ ಮೂರನೇ ಮಹಡಿ, ಮುಚ್ಚಿದ ಬಾಗಿಲು, ಟ್ಯಾಂಕರ್ ನೀರು, ಮತ್ತು ಒಬ್ಬಳೇ ಉಮ್ಮ. ಮಗು ಹಠ ಹಿಡಿಯುತ್ತದೆ, ಊಟ ಬಿಡುತ್ತದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುತ್ತದೆ. ತಾಯಿಗೆ ಹೇಳಿಕೊಳ್ಳಲು ಯಾರೂ ಇಲ್ಲ. ಊರಿಗೆ ಫೋನ್ ಮಾಡಿದರೆ "ಎಲ್ಲ ಸರಿ ಉಂಟು" ಎನ್ನುತ್ತಾಳೆ. ಗಂಡ ರಾತ್ರಿ ಒಂಬತ್ತಕ್ಕೆ ಬಂದು "ಇಡೀ ದಿನ ಮನೆಯಲ್ಲೇ ಇದ್ದೀಯಲ್ಲ" ಅಂದರೆ ಅಲ್ಲಿಗೆ ಮುಗಿಯಿತು. ಹೊಸ ಊರಿನ ಮೊದಲ ಎರಡು ವಾರ ತಂದೆ ರಜೆ ಹಾಕಿ ಮನೆಯಲ್ಲಿರಲಿ. ಮದುವೆ ಕಾರ್ಯಕ್ರಮಗಳಿಗೆ ರಜೆ ಸಿಗುತ್ತದೆ ಎಂದಾದರೆ ಇದಕ್ಕೂ ಸಿಗಬೇಕಲ್ಲ?

ಪ್ರತಿ ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ ಓಡುವುದನ್ನೂ ನಾವು ಮೆಚ್ಚುವುದಿಲ್ಲ. ಸುಮಾರು 350 ಕಿಲೋಮೀಟರ್, ನಡುವೆ ಶಿರಾಡಿ ಘಾಟಿ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ದಾರಿಯೂ ಬಂದ್. ಸೋಮವಾರ ಶಾಲೆಯಲ್ಲಿ ತೂಕಡಿಸುವ ಮಗುವಿಗೆ ಆ ಶಾಲೆಯಲ್ಲಿ ಗೆಳೆಯರು ಹೇಗೆ ಆಗಬೇಕು? ಮೊದಲ ಎರಡು ಮೂರು ತಿಂಗಳು ಅಜ್ಜ ಅಜ್ಜಿಯೇ ಸರದಿಯಲ್ಲಿ ಬಂದು ಇರಲಿ. ಹಿರಿಯರಿಗೂ ಮೊಮ್ಮಕ್ಕಳ ಶಾಲೆಯ ಗೇಟು ಕಂಡಂತಾಗುತ್ತದೆ.

ಭಾಷೆಯ ಮಾತು. ಅಪಾರ್ಟ್‌ಮೆಂಟಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡ, ಮದ್ರಸದಲ್ಲಿ ಉರ್ದು. ಇಷ್ಟರ ನಡುವೆ ಮಗುವಿಗೆ ಗೊಂದಲವಾದೀತೆಂದು ತಂದೆ ತಾಯಿ ಮೊದಲು ಬಿಟ್ಟುಕೊಡುವುದು ಬ್ಯಾರಿ ಭಾಷೆಯನ್ನು. 2007ರಲ್ಲಿ ಸಾಹಿತ್ಯ ಅಕಾಡೆಮಿ ಪಡೆದ ಭಾಷೆ, ಮನೆಯ ಊಟದ ಮೇಜಿನಲ್ಲಿ ಜಾಗ ಕಳೆದುಕೊಳ್ಳುತ್ತಿದೆ. ಮಕ್ಕಳಿಗೆ ನಾಲ್ಕು ಭಾಷೆ ಭಾರವಲ್ಲ. ತುಳು, ಬ್ಯಾರಿ, ಕನ್ನಡ ಮೂರನ್ನೂ ಓಣಿಯಲ್ಲೇ ಕಲಿತವರು ನಾವು. ಬ್ಯಾರಿ ಬಿಟ್ಟ ಮಗು ಎರಡು ವರ್ಷದಲ್ಲಿ ಅಜ್ಜಿಯ ಜೊತೆ ಫೋನಿನಲ್ಲಿ "ಹಲೋ" ಆದ ಮೇಲೆ ಸುಮ್ಮನಾಗುತ್ತದೆ.

ಮದ್ರಸದ ವಿಷಯವೂ ಹಾಗೆಯೇ. ಕರಾವಳಿಯ ನಾವು ಶಾಫಿಗಳು, ಬೆಂಗಳೂರಿನ ಹೆಚ್ಚಿನ ಮಸೀದಿಗಳು ಹನಫಿ. ಸುಬ್ಹಿಯಲ್ಲಿ ಕುನೂತ್ ಇಲ್ಲ, ಅಸರ್‌ನ ಬಾಂಗ್ ತಡವಾಗಿ ಕೇಳುತ್ತದೆ. "ನಮ್ಮ ಉಸ್ತಾದ್ ಹೇಳಿದ್ದು ತಪ್ಪಾ?" ಎಂದು ಮಗು ಕೇಳುವ ಮೊದಲೇ, ಎರಡೂ ಸರಿಯಾದ ದಾರಿಗಳೇ ಎಂದು ಮನೆಯಲ್ಲಿ ಹೇಳಿಡುವುದು ಒಳ್ಳೆಯದು.

ಇನ್ನು ಬೆಂಗಳೂರಿನ ನಮ್ಮ ಸಂಘಟನೆಗಳಿಗೆ ಒಂದು ಮಾತು. ಸನ್ಮಾನ, ಇಫ್ತಾರ್ ಕೂಟಗಳು ಚೆನ್ನಾಗಿಯೇ ನಡೆಯುತ್ತಿವೆ, ನಡೆಯಲಿ. ಅದರ ಜೊತೆ, ಯಾವ ಬಡಾವಣೆಯಲ್ಲಿ ಯಾವ ಮನೆ ಖಾಲಿ ಇದೆ, ಯಾರು ತಕರಾರಿಲ್ಲದೆ ಕೊಡುತ್ತಾರೆ ಎಂಬ ಪಟ್ಟಿಯೊಂದನ್ನು ಮೇ ತಿಂಗಳಿಗೆ ಮೊದಲು ತಯಾರು ಮಾಡಲು ಸಾಧ್ಯವೇ? ಹೊಸದಾಗಿ ಬಂದ ಮನೆಗೆ ಮೊದಲ ವಾರ ಅದೇ ಬಡಾವಣೆಯ ಇಬ್ಬರು ಹೆಂಗಸರು ಹೋಗಿ, ಶಾಲೆ, ಡಾಕ್ಟರ್, ಮೀನು ಸಿಗುವ ಅಂಗಡಿ ತೋರಿಸಿ ಬರುವ ವ್ಯವಸ್ಥೆ ಆಗಲಿ. ಇದಕ್ಕೆ ಸಭಾಂಗಣವೂ ಬೇಡ, ಮೈಕೂ ಬೇಡ. ಈ ಜೂನ್‌ನಿಂದಲೇ ಶುರು ಮಾಡಬಹುದು.