ಓಟಕ್ಕೆ ಎಂಥ ಬೂಟು?

ಶಾಲೆಯ ಓಟದ ಪಂದ್ಯಕ್ಕೆ ಹೆಸರಾಂತ ಕಂಪೆನಿಯ ಬೂಟೇ ಬೇಕೆಂದು ಮಕ್ಕಳು ಹಟ ಹಿಡಿಯುವುದೂ, ಕೊಡಿಸಲಾರದ ತಂದೆ ಪಂದ್ಯವನ್ನೇ ಬಿಡಿಸುವುದೂ ನಮ್ಮ ಹೊಸೂರು ಸೀಮೆಯ ಮನೆಗಳಲ್ಲಿ ಅಪರೂಪವಲ್ಲ. ಇಂಥ ಬೂಟುಗಳೆಲ್ಲ ಸಮುದ್ರದಾಚೆಯಿಂದಲೇ ಬರುತ್ತವೆಂಬ ಭಾವನೆಯೂ ಉಂಟು. ನೈಕಿ ಕಂಪೆನಿಗೆ ಪಾದರಕ್ಷೆ ತಯಾರಿಸಿಕೊಡುವ ತೈವಾನಿನ ಫೆಂಗ್ ಟೇ ಸಂಸ್ಥೆಯ ಕಾರ್ಖಾನೆಯೊಂದು ಕೃಷ್ಣಗಿರಿ ಜಿಲ್ಲೆಯ ಬರಗೂರಿನಲ್ಲಿಯೇ ಇದೆ! ನೆರೆಹೊರೆಯವರ ಕೈಗೆಲಸಕ್ಕೆ ಮುದ್ರೆ ಬಿದ್ದೊಡನೆ ಬೆಲೆ ನಮ್ಮ ಕೈಗೆಟುಕದು.

1978ರಲ್ಲಿ ಜಲಂಧರದಲ್ಲಿ ಶಿವನಾಥ ಸಿಂಗರು ಮ್ಯಾರಥಾನನ್ನು 2 ಗಂಟೆ 12 ನಿಮಿಷಗಳಲ್ಲಿ ಮುಗಿಸಿದರು. ಆ ರಾಷ್ಟ್ರೀಯ ದಾಖಲೆ ದಶಕಗಳವರೆಗೆ ಅಳಿಯಲಿಲ್ಲ. ಅವರು ಬರಿಗಾಲಿನ ಓಟಗಾರರೆಂದೇ ಪ್ರಸಿದ್ಧರು. ಹಾಗೆಂದು ತಳಿಯ ಕಡೆಯ ಜಲ್ಲಿದಾರಿಯಲ್ಲಿ, ಜಾಲಿಮುಳ್ಳಿನ ನಡುವೆ, ಮಗುವನ್ನು ಬರಿಗಾಲಿನಲ್ಲಿ ಓಡಿಸಿರೆಂದು ನಾನು ಹೇಳುತ್ತಿಲ್ಲ.

ಅಗ್ಗದ ಬೂಟನ್ನೇ ಆರಿಸಿ ಕೊಳ್ಳಿರಿ. ಪಾದ ತುಸು ಊದಿರುವ ಸಂಜೆಯ ವೇಳೆ, ಓಡುವಾಗಿನ ಕಾಲುಚೀಲದೊಡನೆಯೇ ತೊಡಿಸಿ ನೋಡಬೇಕು. ಮುಂತುದಿಯಲ್ಲಿ ಹೆಬ್ಬೆರಳಗಲದ ಜಾಗವಿರಲಿ, ಹಿಮ್ಮಡಿ ಜಾರಬಾರದು, ಅಟ್ಟೆಯು ಬೆರಳುಗಳ ಬುಡದಲ್ಲಿ ಬಾಗಬೇಕಲ್ಲದೆ ನಟ್ಟನಡುವೆ ಅಲ್ಲ. ಬೆಳೆಯುವ ಕಾಲೆಂದು ಎರಡು ಅಳತೆ ದೊಡ್ಡದನ್ನು ತರುವ ಮಿತವ್ಯಯದಿಂದ ಪಾದದಲ್ಲಿ ಗುಳ್ಳೆಯೇಳುವುದು ಖಂಡಿತ. ನೆನೆದ ಬೂಟನ್ನು ಸುಡುಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಒಳಗೆ ಹಳೆಯ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಿರಿ. ಅದಕ್ಕೆ ಈ ಮಾಸಪತ್ರಿಕೆಯನ್ನು ಮಾತ್ರ ಹರಿಯಬೇಡಿರಿ!