ಬಿಲ್ಲನ್ನು ಹರಿದು ಹಂಚುವ ಹಟವೇಕೆ?

ಅಂಗಡಿಯವರು ಬರೆದುಕೊಡುವ ಬಿಲ್ಲಿನಲ್ಲಿ ಗಿರಾಕಿಯ ಹೆಸರು, ಸಾಮಾನು, ಅಂದಿನ ದರ, ಒಟ್ಟು ಮೊತ್ತ ಎಲ್ಲವೂ ಒಂದೇ ಹಾಳೆಯಲ್ಲಿರುತ್ತವೆ. ಅದೇ ಬಿಲ್ಲು ಕಂಪ್ಯೂಟರಿಗೆ ಹೋದರೆ ಐದಾರು ಕೋಷ್ಟಕಗಳಿಗೆ ಹರಿದು ಹಂಚಿಹೋಗುತ್ತದೆ. ತೋರಿಸಬೇಕಾದಾಗ ಜಾಯಿನ್ ಹಾಕಿ ಮತ್ತೆ ಹೊಲಿಯಬೇಕು. ಎಷ್ಟೋ ಐಟಿ ಕಚೇರಿಗಳಲ್ಲಿ ಇದನ್ನೇ ಶಿಸ್ತು ಎನ್ನುತ್ತಾರೆ.

1970ರಲ್ಲಿ ಐಬಿಎಮ್‌ನ ಎಡ್ಗರ್ ಕಾಡ್ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟರು. ಒಂದೇ ಮಾಹಿತಿ ಹತ್ತು ಕಡೆ ಇದ್ದು ಒಂದಕ್ಕೊಂದು ತಾಳೆಯಾಗದ ತೊಂದರೆಗೆ ಅದು ಒಳ್ಳೆಯ ಮದ್ದು. ಬ್ಯಾಂಕಿನ ಲೆಕ್ಕಕ್ಕೆ ಇಂದಿಗೂ ಅದೇ ಸರಿ. ಆದರೆ ಒಂದು ರೋಗದ ಮದ್ದನ್ನು ಎಲ್ಲರಿಗೂ ಕುಡಿಸುವುದು ವೈದ್ಯವಲ್ಲ.

ಆನ್‌ಲೈನ್ ಅಂಗಡಿಯನ್ನೇ ನೋಡಿ. ಸೀರೆಗೆ ಉದ್ದ, ಅಂಚು, ರವಿಕೆ ಕಣದ ವಿವರ ಬೇಕು, ಕುಕ್ಕರಿಗೆ ಲೀಟರು, ಮೊಬೈಲಿಗೆ ಬ್ಯಾಟರಿ. ಎಲ್ಲವನ್ನೂ ಒಂದೇ ಕೋಷ್ಟಕಕ್ಕೆ ತುರುಕಿದರೆ ಬಹುಪಾಲು ಕಾಲಂ ಖಾಲಿ. ಬಗೆಗೊಂದು ಕೋಷ್ಟಕ ಮಾಡಿದರೆ ಹೊಸ ಬಗೆಯ ಸರಕು ಬಂದಾಗಲೆಲ್ಲ ಮತ್ತೊಂದು ಕೋಷ್ಟಕ. ಮೊಂಗೊಡಿಬಿ, ಕೌಚ್‌ಡಿಬಿಯಂಥ ಡಾಕ್ಯುಮೆಂಟ್ ಡೇಟಾಬೇಸ್‌ಗಳಲ್ಲಿ ಪ್ರತಿ ಸರಕೂ ತನಗೆ ಬೇಕಾದಷ್ಟೇ ವಿವರ ಹೊತ್ತ ಒಂದು ದಾಖಲೆ. ಡೆವಲಪರ್ ಬರೆದ ಕೋಡಿನಲ್ಲಿ, ಆ್ಯಪಿಗೆ ಹೋಗುವ ಜೇಸನ್‌ನಲ್ಲಿ, ಸಂಗ್ರಹದಲ್ಲಿ ಅದರ ಆಕಾರ ಹೆಚ್ಚುಕಡಿಮೆ ಒಂದೇ. ನಡುವೆ ರೂಪ ಬದಲಿಸುವ ಕೂಲಿ ಉಳಿಯಿತು.

ಇನ್ನು, ನಕಲು ಮಹಾಪಾಪ ಎನ್ನುವವರು ಬಿಲ್ಲಿಗೇ ಮರಳಲಿ. ಗಿರಾಕಿ ಮನೆ ಬದಲಿಸಿದರೆ ಹಳೆಯ ಬಿಲ್ಲಿನ ವಿಳಾಸ ಬದಲಾಗಬಾರದು. ದರ ಏರಿದರೆ ಹೋದ ವರ್ಷದ ಬಿಲ್ಲು ಏರಬಾರದು. ಅಂದಿನ ವಿಳಾಸ, ಅಂದಿನ ದರದ ನಕಲು ಅಲ್ಲಿ ಇರಲೇಬೇಕು.

"ಸ್ಕೀಮಾ ಇಲ್ಲದಿದ್ದರೆ ಅರಾಜಕತೆ" ಎಂಬುದು ಇನ್ನೊಂದು ಆಕ್ಷೇಪ. ಶಿಸ್ತಿಲ್ಲದೆ ಕೋಡ್ ಬರೆದವರ ತಪ್ಪಿಗೆ ಡೇಟಾಬೇಸನ್ನು ದೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ದಾಖಲೆಗೆ ಕಡ್ಡಾಯ ನಿಯಮ ವಿಧಿಸುವ ಸೌಲಭ್ಯ ಮೊಂಗೊಡಿಬಿಯಲ್ಲಿ 2015ರಿಂದಲೇ ಇದೆ. ಹಲವು ದಾಖಲೆಗಳನ್ನು ಬದಲಿಸಿದರೆ ಒಟ್ಟಿಗೆ, ಇಲ್ಲವಾದರೆ ಒಂದನ್ನೂ ಇಲ್ಲ ಎನ್ನುವ ಟ್ರಾನ್ಸಾಕ್ಷನ್ 2018ರಲ್ಲಿ ಬಂತು. ಕೋಷ್ಟಕ ಪಾಳೆಯದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೂಡ 2014ರಲ್ಲೇ ಜೇಸನ್ ದಾಖಲೆಗಳನ್ನು ಇಡಲು ಜೇಸನ್‌ಬಿ ಎಂಬ ಬಗೆಯನ್ನು ಸೇರಿಸಿಕೊಂಡಿತು. ಬೇಡದ ನೆಂಟನಿಗೆ ಯಾರೂ ಕೋಣೆ ಕಟ್ಟಿಸುವುದಿಲ್ಲ.

ಹಾಗೆಂದು ಗಿರಾಕಿಯ ಜೀವಮಾನದ ಬಿಲ್ಲುಗಳನ್ನೆಲ್ಲ ಒಂದೇ ದಾಖಲೆಗೆ ತುಂಬುತ್ತ ಹೋಗುವುದೂ ಜಾಣತನವಲ್ಲ. ಮೊಂಗೊಡಿಬಿಯಲ್ಲಿ ಒಂದು ದಾಖಲೆಗೆ 16 ಎಂಬಿ ಮಿತಿಯಿದೆ. ಮೊದಲು ಕೇಳಬೇಕಾದದ್ದು ಇಷ್ಟೇ: ಯಾವ ಮಾಹಿತಿಯನ್ನು ಜನ ಒಟ್ಟಿಗೆ ಓದುತ್ತಾರೆ? ಅದನ್ನು ಒಟ್ಟಿಗೇ ಇಡಬೇಕು. ಇದನ್ನು ಕೇಳದೆ ಮೊದಲ ದಿನವೇ ಇಪ್ಪತ್ತು ಕೋಷ್ಟಕ ಎಳೆಯುವ ಮೇಲಧಿಕಾರಿಗೆ ಶಿಸ್ತಿನ ಹೆಸರು ಸಿಗುತ್ತದೆ. ರಾತ್ರಿ ಕೂತು ಜಾಯಿನ್ ಹೊಲಿಯುವ ಕೆಲಸ ಡೆವಲಪರ್ ಪಾಲಿಗೆ ಬೀಳುತ್ತದೆ.