ಸಿಸ್ಟರುಗಳ ಹೆರಿಗೆ ಮನೆಗೆ ಬೀಗ: ನಷ್ಟ ಯಾರಿಗೆ?

ಮಳೆಗಾಲ. ರಾತ್ರಿ ಹನ್ನೊಂದು ಗಂಟೆ. ಘಟ್ಟದ ಬುಡದ ಒಂದು ಹಳ್ಳಿ. ಮನೆಯ ಹೆಣ್ಣುಮಗಳಿಗೆ ನೋವು ಸುರುವಾಗಿದೆ.

ಮೂವತ್ತು-ನಲವತ್ತು ವರ್ಷದ ಹಿಂದಾದರೆ ಗಂಡನಾದವ ಟಾರ್ಚು ಹಿಡಿದು ಓಡುತ್ತಿದ್ದ. ಇಗರ್ಜಿಯ ಪಕ್ಕದ ಹಂಚಿನ ಕಟ್ಟಡದ ಬಾಗಿಲು ಬಡಿಯುತ್ತಿದ್ದ. ಒಳಗಿನಿಂದ ಸಿಸ್ಟರು ಬಂದು, "ನೋವು ಎಷ್ಟು ಹೊತ್ತಿಗೊಮ್ಮೆ ಬರ್ತದೆ? ನೀರು ಹೋಗಿದೆಯಾ?" ಅಂತ ಎರಡು ಮಾತು ಕೇಳಿ, ಒಲೆಯ ಮೇಲೆ ನೀರಿಡಲು ಹೇಳುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಮಗು ಅಳುತ್ತಿತ್ತು. ಬಿಲ್ಲು? ಇದ್ದವರು ಕೊಟ್ಟರು. ಇಲ್ಲದವರು ನಾಲ್ಕು ತೆಂಗಿನಕಾಯಿ, ಒಂದು ಬಾಳೆಗೊನೆ ಇಟ್ಟು ಕೈ ಮುಗಿದರು. ಬಂದವಳು ಬಿಲ್ಲವಳೋ, ಬ್ಯಾರಿಯೋ, ಗೌಡಳೋ, ಕೊರಗಳೋ ಎಂದು ಸಿಸ್ಟರು ಕೇಳಿದ್ದಿಲ್ಲ.

ಇವತ್ತು ಅಂಥ ಎಷ್ಟೋ ಕಟ್ಟಡಗಳಿಗೆ ಬೀಗ. ಕೆಲವು ಕಡೆ ನರ್ಸರಿ ಶಾಲೆ, ಕೆಲವು ಕಡೆ ಬರೀ ಗೆದ್ದಲು. ಗಂಡ ಈಗ ಓಡುವುದಿಲ್ಲ, ಮೊಬೈಲು ಎತ್ತಿ 108 ಒತ್ತುತ್ತಾನೆ. ಸಿಗ್ನಲ್ ಸಿಕ್ಕರೆ ಪುಣ್ಯ. ಗಾಡಿ ಬಂದು ತಾಲೂಕು ಆಸ್ಪತ್ರೆ ಮುಟ್ಟಿದರೆ, ಅಲ್ಲಿ "ಡಾಕ್ಟರು ರಜೆಯಲ್ಲಿದ್ದಾರೆ, ಮಂಗಳೂರಿಗೆ ಕರ್ಕೊಂಡು ಹೋಗಿ" ಎಂಬ ಚೀಟಿ. ಹೆಣ್ಣಿಗೆ ಹೆರಿಗೆ ಎಂದರೆ ಮರುಹುಟ್ಟು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆ ಮರುಹುಟ್ಟು ಈಗ ಹೆದ್ದಾರಿಯ ಹೊಂಡಗಳ ನಡುವೆ ನಡೆಯಬೇಕು.

ಸಿಸ್ಟರುಗಳ ಸಣ್ಣ ಹೆರಿಗೆ ಮನೆಗಳು ಮುಚ್ಚಿದ್ದಕ್ಕೆ ಯಾರೂ ಮೆರವಣಿಗೆ ಮಾಡಲಿಲ್ಲ. ಯಾವ ಶಾಸಕರೂ ಸದನದಲ್ಲಿ ಗುಡುಗಲಿಲ್ಲ. ಹೆತ್ತವರಿಗೆ ಮಾತ್ರ ಗೊತ್ತಾಯಿತು.

ಕಂಕನಾಡಿಯ ಆಲದ ಮರ

ಕರಾವಳಿಯಲ್ಲಿ ಈ ಸೇವೆ ಹುಟ್ಟಿದ್ದು ದೊಡ್ಡ ಕಟ್ಟಡದಲ್ಲಿ ಅಲ್ಲ. ಜರ್ಮನಿಯ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಹಂಚಲು ಸುರು ಮಾಡಿದರು. ಆಲದ ಮರದ ಅಡಿಯಲ್ಲಿ ಕುಳಿತು ಮದ್ದು ಕೊಡುತ್ತಿದ್ದರು ಎಂಬ ಮಾತು ಕಂಕನಾಡಿಯಲ್ಲಿ ಈಗಲೂ ಉಂಟು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವಾಯಿತು. 1902ರಲ್ಲಿ ಪ್ಲೇಗು ಊರು ಖಾಲಿ ಮಾಡಿಸಿದಾಗ ಪ್ಲೇಗಿನ ಆಸ್ಪತ್ರೆಯಾಯಿತು. ಆ ಪಾದ್ರಿ 1910ರಲ್ಲಿ ತೀರಿಕೊಂಡರು. ಅವರ ಡಿಸ್ಪೆನ್ಸರಿ ಬೆಳೆದು 1999ರಲ್ಲಿ ಮೆಡಿಕಲ್ ಕಾಲೇಜೂ ಆಯಿತು. ಬೆಳೆದದ್ದು ಒಳ್ಳೆಯದೇ. ಆದರೆ ಬೇರು ಮರದಡಿಯ ಡಿಸ್ಪೆನ್ಸರಿಯದು ಎಂಬುದನ್ನು ಮರೆಯಬಾರದು.

ಮುಲ್ಲರ್ ಪಾದ್ರಿ ಗಂಡಸು. ಆ ಕಾಲದಲ್ಲಿ ಹೆರಿಗೆಯ ಕೋಣೆಗೆ ಗಂಡಸಿಗೆ ಪ್ರವೇಶವಿಲ್ಲ. ಸಾಯುತ್ತೇನೆಂದರೂ ಗಂಡು ಡಾಕ್ಟರ ಮುಂದೆ ಬರಲೊಲ್ಲದ ಹೆಂಗಸರು ಮಂಗಳೂರಿನಿಂದ ರಾವಲ್ಪಿಂಡಿಯ ತನಕ ಇದ್ದರು. ಹಾಗಾದರೆ ಸಿಸ್ಟರುಗಳು ಹೋಗಬಹುದಿತ್ತಲ್ಲ? ಅಲ್ಲೇ ಇದ್ದದ್ದು ತಕರಾರು.

ರೋಮಿನ ಬೇಲಿ

ಇವತ್ತಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ. ಸನ್ಯಾಸ ತೊಟ್ಟ ಕನ್ಯಾಸ್ತ್ರೀ ಡಾಕ್ಟರಿಕೆ ಮಾಡಕೂಡದು, ಹೆರಿಗೆ ಮಾಡಿಸುವುದಂತೂ ಕೂಡವೇ ಕೂಡದು ಎಂಬ ಕಟ್ಟಳೆ ಕ್ಯಾಥೊಲಿಕ್ ಸಭೆಯಲ್ಲಿ ಬಹುಕಾಲ ಇತ್ತು. ವ್ರತಕ್ಕೆ ಭಂಗ ಎಂಬ ಹೆದರಿಕೆ. ವ್ರತ ಉಳಿಯಿತು, ಬಾಣಂತಿಯರು ಸಾಯುತ್ತಿದ್ದರು.

ಇದರ ವಿರುದ್ಧ ಎದ್ದು ನಿಂತವರು ಹೆಂಗಸರೇ. ಸ್ಕಾಟ್ಲೆಂಡಿನ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ರಾವಲ್ಪಿಂಡಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ 1909ರಲ್ಲಿ ಆಸ್ಪತ್ರೆ ಆಗುವಂತೆ ಮಾಡಿದರು. ಮುದಿ ವಯಸ್ಸಿನಲ್ಲಿ ಹಲವು ಸಲ ರೋಮಿಗೆ ಹೋಗಿ, "ಸಿಸ್ಟರುಗಳಿಗೆ ಅನುಮತಿ ಕೊಡಿ" ಎಂದು ಅರಿಕೆ ಮಾಡಿದರು. ಕೆಲಸ ಆಗಲಿಲ್ಲ. 1913ರಲ್ಲಿ ಕಣ್ಣು ಮುಚ್ಚಿದರು.

ಅವರ ಬಗ್ಗೆ ಅಚ್ಚಾದ ಒಂದು ಪುಸ್ತಿಕೆ ಆಸ್ಟ್ರೇಲಿಯಾದ ಮೇರಿ ಗ್ಲೌರಿ ಎಂಬ ಡಾಕ್ಟರ ಕೈಗೆ ಸಿಕ್ಕಿತು. ಮೆಲ್ಬರ್ನಿನಲ್ಲಿ ಓದಿ, ಒಳ್ಳೆಯ ಪ್ರಾಕ್ಟೀಸು ಇಟ್ಟುಕೊಂಡಿದ್ದ ಹೆಂಗಸು ಎಲ್ಲ ಬಿಟ್ಟು 1920ರಲ್ಲಿ ಗುಂಟೂರಿಗೆ ಬಂದರು. ಆಗ ಗುಂಟೂರೂ ಮಂಗಳೂರೂ ಒಂದೇ ಮದ್ರಾಸ್ ಪ್ರಾಂತ್ಯದ ಎರಡು ತುದಿ. ಸಿಸ್ಟರಾದ ಮೇಲೂ ಡಾಕ್ಟರಿಕೆ ಮಾಡಲು ಅವರಿಗೆ ಪೋಪರಿಂದ ವಿಶೇಷ ಅಪ್ಪಣೆ ಬೇಕಾಯಿತು. ಅವರು ಬರೀ ಮದ್ದು ಕೊಟ್ಟು ಕೂರಲಿಲ್ಲ. ಊರಿನ ಹೆಣ್ಣುಮಕ್ಕಳನ್ನೇ ಸೇರಿಸಿ ನರ್ಸು, ಕಾಂಪೌಂಡರು, ಸೂಲಗಿತ್ತಿ ಕೆಲಸ ಕಲಿಸಿದರು. ಒಬ್ಬ ಡಾಕ್ಟರು ಎಷ್ಟು ಮನೆಗೆ ಹೋಗಲು ಸಾಧ್ಯ? ಕಲಿತ ಹತ್ತು ಹೆಂಗಸರು ಹತ್ತು ಊರಿಗೆ ಹೋಗಬಹುದು. ಲೆಕ್ಕ ಅಷ್ಟೇ.

ಕೊನೆಗೆ 1936ರ ಫೆಬ್ರವರಿಯಲ್ಲಿ ರೋಮೇ ಬಗ್ಗಿತು. ಸಿಸ್ಟರುಗಳು ಡಾಕ್ಟರಿಕೆ, ಹೆರಿಗೆ ಕೆಲಸ ಎಲ್ಲ ಕಲಿಯಬಹುದು ಮಾತ್ರವಲ್ಲ, ಮಿಷನ್ ದೇಶಗಳಲ್ಲಿ ಕಲಿಯಬೇಕು ಎಂದು ಅಲ್ಲಿಂದಲೇ ಆದೇಶ ಬಂತು. 1943ರಲ್ಲಿ ಮೇರಿ ಗ್ಲೌರಿ ನೇತೃತ್ವದಲ್ಲಿ 16 ಮಂದಿ ಸಿಸ್ಟರುಗಳು ಸೇರಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದರು. ಇವತ್ತು ಆ ಸಂಘದಲ್ಲಿ ದೇಶದ ಸುಮಾರು 3,500 ಸಂಸ್ಥೆಗಳಿವೆ. ಬಹುಪಾಲು ದೊಡ್ಡ ಆಸ್ಪತ್ರೆಗಳಲ್ಲ, ಸಣ್ಣಪುಟ್ಟ ಆರೋಗ್ಯ ಕೇಂದ್ರಗಳು. ಮೇರಿ ಗ್ಲೌರಿ 1957ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲಿ. ಸ್ವಂತ ಮೆಡಿಕಲ್ ಕಾಲೇಜು ಬೇಕೆಂಬ ಅವರ ಆಸೆ 1963ರಲ್ಲಿ ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಆಗಿ ಕೈಗೂಡಿತು. ಓದು ಮುಗಿಸಿದವರು ಹಳ್ಳಿ ಕಡೆಯ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ಬಾಂಡು ಆ ಕಾಲೇಜಿನ ಹಳೆಯ ಪದ್ಧತಿ.

ಈ ಹಳೆ ಕಥೆ ಈಗ ಯಾಕೆ ಎಂದರೆ, ಕಾರಣ ಉಂಟು.

ಲೆಕ್ಕ ನೋಡಿ

ರಾಜ್ಯದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಸಂತೋಷ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಸಾಲು ಓದಿ: ನೂರರಲ್ಲಿ 31ಕ್ಕೂ ಹೆಚ್ಚು ಹೆರಿಗೆ ಹೊಟ್ಟೆ ಕೊಯ್ದೇ ಆದದ್ದು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಕರ್ನಾಟಕದ ಹೆಂಗಸರಿಗೆ ಇದ್ದಕ್ಕಿದ್ದಂತೆ ಹೆರುವುದೇ ಮರೆತುಹೋಯಿತೇ?

ಇಷ್ಟೆಲ್ಲ ಕೊಯ್ದರೂ ಸಾವು ನಿಂತಿತೇ ಎಂದರೆ, ಅದೂ ಇಲ್ಲ. 2018-20ರ ಸರಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ ಸತ್ತ ತಾಯಂದಿರು 69. ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ಕರ್ನಾಟಕವೇ ಕೊನೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತದ್ದನ್ನು ಇಡೀ ರಾಜ್ಯ ನೋಡಿತು. ಕೈಗೆ ಏರಿಸಿದ ದ್ರಾವಣದ ಮೇಲೆಯೇ ಸಂಶಯ ಬಂತು. ಆಸ್ಪತ್ರೆ ಎಂಬ ಬೋರ್ಡು ಇದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹೆರಿಗೆಯಲ್ಲಿ ಹೆಂಗಸು ಸಾಯುವುದು ಹೆಚ್ಚಾಗಿ ಮೂರು ಕಾರಣಕ್ಕೆ: ರಕ್ತಸ್ರಾವ, ಬಿ.ಪಿ. ಏರಿ ಬರುವ ಅಪಸ್ಮಾರ, ನಂಜು. ಮೂರಕ್ಕೂ ಮೊದಲ ಮದ್ದು ಬಲು ದುಬಾರಿಯದ್ದಲ್ಲ. ಬೇಕಾದ್ದು ಪಕ್ಕದಲ್ಲಿ ಕೂತು ನೋಡುವ ಕಣ್ಣು, ಕಲಿತ ಕೈ, ಫ್ರಿಜ್ಜಿನಲ್ಲಿ ಕೆಡದೆ ಉಳಿದ ಇಂಜೆಕ್ಷನ್, ಅಪಾಯ ಕಂಡ ಕೂಡಲೇ ಸಾಗಿಸುವ ಗಾಡಿ. ದೊಡ್ಡ ಆಸ್ಪತ್ರೆಯ ಡಾಕ್ಟರು ಎರಡು ನಿಮಿಷ ಬಂದು ಹೋಗುತ್ತಾರೆ. ರಾತ್ರಿಯಿಡೀ ಬೆನ್ನು ಉಜ್ಜುತ್ತಾ ಕೂರುವವರು ಯಾರು? ಆ ಕೆಲಸ ಮಾಡುತ್ತಿದ್ದವರು ಹಳ್ಳಿಯ ಸಿಸ್ಟರುಗಳು.

ವಿಚಿತ್ರ ನೋಡಿ. ಕೇಂದ್ರ ಸರಕಾರಕ್ಕೂ ಈಗ ಜ್ಞಾನೋದಯವಾಗಿದೆ. ನರ್ಸುಗಳಿಗೆ 18 ತಿಂಗಳು ಪ್ರತ್ಯೇಕ ತರಬೇತಿ ಕೊಟ್ಟು, ತೊಂದರೆಯಿಲ್ಲದ ಹೆರಿಗೆಗಳನ್ನು ಅವರೇ ನೋಡಿಕೊಳ್ಳಲಿ ಎಂದು 2018ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು. ಅಕ್ಷರ ಬಾರದ ಆ ತಾಯಿ ಸಾವಿರಾರು ಹೆರಿಗೆ ಮಾಡಿಸಿದವರು. ಅಂದರೆ ಕಲಿತ ಸೂಲಗಿತ್ತಿ ಬೇಕು ಎಂದು ಸರಕಾರವೇ ಒಪ್ಪಿತು. ಗುಂಟೂರಿನ ಸಿಸ್ಟರು ನೂರು ವರ್ಷದ ಹಿಂದೆ ಮಾಡಿ ತೋರಿಸಿದ್ದು ಇದನ್ನೇ ಅಲ್ಲವೇ?

ಬೀಗ ಹಾಕಿದವರು ಯಾರು?

ಒಬ್ಬರ ಮೇಲೆ ಹಾಕುವಂತಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಬಡವರು ಸರಕಾರಿ ಆಸ್ಪತ್ರೆ ಕಡೆ ಹೋದರು, ಅದು ನ್ಯಾಯವೇ. ಜನರಿಗೂ ಸ್ಕ್ಯಾನಿಂಗು ಬೇಕಾಯಿತು, ಡಾಕ್ಟರು ಬೇಕಾಯಿತು. ಖಾಸಗಿ ಆಸ್ಪತ್ರೆಗಳ ಕಾನೂನು 2007ರಲ್ಲಿ ಬಂತು. ಕಳ್ಳ ಡಾಕ್ಟರುಗಳನ್ನು ಹಿಡಿಯಲು ಕಾನೂನು ಬೇಕೇ ಬೇಕು. ಆದರೆ ಕಾನೂನಿನ ಕಣ್ಣಿಗೆ ನೂರು ಹಾಸಿಗೆಯ ವ್ಯಾಪಾರವೂ ನಾಲ್ಕು ಹಾಸಿಗೆಯ ಧರ್ಮಾಸ್ಪತ್ರೆಯೂ ಖಾಸಗಿಯೇ. ಹಗಲು ಬಸುರಿಯರನ್ನು ನೋಡುವ, ರಾತ್ರಿ ಲೆಡ್ಜರು ಬರೆಯುವ ಒಬ್ಬ ಸಿಸ್ಟರಿಗೆ ಆ ಕಾಗದ, ಈ ಸರ್ಟಿಫಿಕೇಟು ಎಂದು ಅಲೆಯಲು ಸಾಧ್ಯವೇ?

ಹಾಗೆಂದು ಇಗರ್ಜಿಯವರದ್ದು ತಪ್ಪೇ ಇಲ್ಲ ಎನ್ನುವಂತಿಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಫೀಸು ಬರ್ತದೆ, ಡಿಸ್ಪೆನ್ಸರಿಯಲ್ಲಿ ಖರ್ಚು ಬರ್ತದೆ, ಹಾಗಾಗಿ ಸಿಸ್ಟರುಗಳೆಲ್ಲ ಶಾಲೆಗೆ ಎಂದು ಜನ ಆಡಿಕೊಳ್ಳುವುದು ಪೂರ್ತಿ ಸುಳ್ಳಲ್ಲ. ಮಠಕ್ಕೆ ಸೇರುವ ಹುಡುಗಿಯರೂ ಕಡಿಮೆಯಾಗಿದ್ದಾರೆ. ಪೇಟೆಯಲ್ಲಿ ಮಹಡಿ ಮೇಲೆ ಮಹಡಿ ಏರುತ್ತದೆ, ಹಳ್ಳಿಯ ಹಂಚು ಸೋರುತ್ತದೆ. ಕ್ರಿಸ್ತನ ಹೆಸರಿನ ಆಸ್ಪತ್ರೆಯಲ್ಲೂ ಕೌಂಟರಿನಲ್ಲಿ ಮೊದಲು ಕೇಳುವುದು ಅಡ್ವಾನ್ಸನ್ನೇ ಆದರೆ ಬಡವ ಯಾವ ಬಾಗಿಲಿಗೆ ಹೋಗಬೇಕು?

ಇನ್ನೊಂದು ಮಾತು, ಮುಚ್ಚಿಡುವುದು ಬೇಡ. ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ ಸಂತಾನಹರಣ ಆಪರೇಷನ್, ಗರ್ಭಪಾತ ಮಾಡುವುದಿಲ್ಲ. ಅದು ಅವರ ಧರ್ಮದ ಕಟ್ಟು. ಆದರೆ ನಾಲ್ಕು ಹೆತ್ತು ನಿತ್ರಾಣಳಾದವಳು ಕೇಳಿದರೆ, "ಇಲ್ಲಿ ಇಲ್ಲ, ಸರಕಾರಿ ಆಸ್ಪತ್ರೆಯಲ್ಲಿ ಉಂಟು" ಎಂದು ನೆಟ್ಟಗೆ ದಾರಿ ತೋರಿಸಬೇಕು. ಅವಳ ಶರೀರ, ಅವಳ ತೀರ್ಮಾನ. ಸುಮ್ಮನಿದ್ದು ಕಳಿಸುವುದು ಸೇವೆಯಲ್ಲ.

ಆಗಬೇಕಾದ್ದು

ಹಳೆಯ ಕಾಲ ಹಾಗೇ ವಾಪಸು ಬರಲಿ ಎಂದು ಯಾರೂ ಕೇಳುವುದಿಲ್ಲ. ಆಗ ಸಿಸ್ಟರ ಕೈಯಲ್ಲೂ ಸಾವಾಗಿದೆ. ರಕ್ತ ಬೇಕಾದಾಗ ರಕ್ತ ಇರಲಿಲ್ಲ, ಗಾಡಿ ಬೇಕಾದಾಗ ಗಾಡಿ ಇರಲಿಲ್ಲ. ಈಗ ಗಾಡಿ ಉಂಟು, ಫೋನು ಉಂಟು. ಕಳೆದುಹೋಗಿದ್ದು ಪಕ್ಕದಲ್ಲಿ ಕೂರುವ ಕಲಿತ ಹೆಂಗಸು ಮಾತ್ರ. ಇವೆರಡನ್ನೂ ಜೋಡಿಸಬೇಕು.

ಒಂದನೆಯದು ಸರಕಾರದ ಕೆಲಸ. ನರ್ಸಿಂಗ್ ಕಲಿತ ಸಿಸ್ಟರುಗಳು ಇರುವ ಕಡೆ ಅವರಿಗೆ ಹೊಸ ಹೆರಿಗೆ ತರಬೇತಿ ಕೊಟ್ಟು, ಆ ಕೇಂದ್ರವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಿಸಿಕೊಳ್ಳಲಿ. ಮದ್ದು ಸರಕಾರದ್ದು, ತಪಾಸಣೆ ಸರಕಾರದ್ದು, ಕೈ ಸಿಸ್ಟರದ್ದು. ಲಾಭವಿಲ್ಲದೆ ನಡೆಯುವ ಸಣ್ಣ ಕೇಂದ್ರಗಳಿಗೆ, ಅವು ಯಾವ ಜಾತಿ-ಧರ್ಮದವರದ್ದೇ ಇರಲಿ, ಕಾನೂನಿನಲ್ಲಿ ಬೇರೆ ಮೆಟ್ಟಿಲು ಇರಲಿ.

ಎರಡನೆಯದು ಪೇಟೆಯ ದೊಡ್ಡ ಕ್ಯಾಥೊಲಿಕ್ ಆಸ್ಪತ್ರೆಗಳದ್ದು. ತಿಂಗಳಿಗೆ ಎರಡು ದಿನ ಹೆರಿಗೆ ಡಾಕ್ಟರನ್ನು ಹಳ್ಳಿಗೆ ಕಳಿಸಲಿ. ಸಿಸ್ಟರ ಚೀಟಿ ಹಿಡಿದು ನಡುರಾತ್ರಿ ಬಂದವಳನ್ನು ಅಡ್ವಾನ್ಸು ಕೇಳದೆ ಒಳಗೆ ತೆಗೆದುಕೊಳ್ಳಲಿ.

ಮೂರನೆಯದು ಮಠದ ಹಿರಿಯರದ್ದು. ಸಿಸ್ಟರುಗಳು ಸಾಕಾಗದಿದ್ದರೆ ಊರಿನ ಹುಡುಗಿಯರಿಗೆ ಕಲಿಸಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಮನೆಯಲ್ಲಿ ಬೀಡಿ ಕಟ್ಟುತ್ತಾ ಕೂತವರು ಪ್ರತಿ ಊರಿನಲ್ಲೂ ಇದ್ದಾರೆ. ನರ್ಸಿಂಗ್ ಕಲಿಸಿ, ಸ್ಟೈಪೆಂಡು ಕೊಟ್ಟು, ಅದೇ ಊರಿಗೆ ಕಳಿಸಿದರೆ ಆಯಿತು. ಮೇರಿ ಗ್ಲೌರಿ ಮಾಡಿದ್ದು ಇದನ್ನೇ.

ನಿಯಮ ಅಡ್ಡ ಬರುತ್ತದೆ ಎನ್ನುವ ಅಧಿಕಾರಿಗಳಿಗೆ ಒಂದೇ ಮಾತು. ನೂರಾರು ವರ್ಷದ ಬೇಲಿಯನ್ನು ಬಾಣಂತಿಯರ ಜೀವ ದೊಡ್ಡದು ಎಂದು ರೋಮೇ 1936ರಲ್ಲಿ ತೆಗೆದು ಹಾಕಿತು. ವಿಧಾನಸೌಧದ ಕಡತ ಅದಕ್ಕಿಂತ ಗಟ್ಟಿಯೇ?

ಮುಂದಿನ ಮಳೆಗಾಲ ದೂರವಿಲ್ಲ. ಘಟ್ಟದ ಬುಡದಲ್ಲಿ ಈಗ ಬಸುರಿಯಾಗಿರುವವರ ದಿನ ತುಂಬುವುದೂ ದೂರವಿಲ್ಲ. ಬೀಗದ ಕೈ ಇಟ್ಟುಕೊಂಡವರು ಅಷ್ಟರೊಳಗೆ ಎಚ್ಚರಗೊಳ್ಳುವರೇ?